ಆಯ್ತಪ್ಪನ ಕಾರಿಗೆ ಡಿಕ್ಕಿ ಬಂದದ್ದು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುತ್ತಿದ್ದ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಸಂಬಳ ಕೊಡುವವರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಊರಿಗೆಲ್ಲ ಅವನು ಆಯ್ತಪ್ಪ. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೆ ಅವನು "ಆಯ್ತು" ಅನ್ನುತ್ತಿದ್ದ. ಬಂದ ನೀರು ಕೆಂಪಗಿದೆ ಎಂದವರಿಗೂ "ಆಯ್ತು" ಅನ್ನುತ್ತಿದ್ದ. ನಿನ್ನಂಥ ದಂಡಪಿಂಡ ಇನ್ನೊಬ್ಬನಿಲ್ಲ ಎಂದು ಮೇಜು ಗುದ್ದಿದವರಿಗೂ ಅದೇ ಉತ್ತರ. ಇದರಲ್ಲಿ ಉಡಾಫೆ ಏನೂ ಇರಲಿಲ್ಲ. ಎದುರಿಗೆ ನಿಂತವರ ಮುಖ ಬಾಡಬಾರದು ಎಂಬುದಷ್ಟೇ ಅವನ ಆಸೆ. ಲೋಕದಲ್ಲಿ ಬಹಳಷ್ಟು ಅನಾಹುತಗಳು ಈ ಒಂದು ಆಸೆಯಿಂದಲೇ ಆಗಿವೆ.

ಇಂಥ ಮನುಷ್ಯ ಹಳೇ ಕಾರು ಮಾರುವವನ ಅಂಗಳಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ಆಯ್ತಪ್ಪ ಅಲ್ಲಿಗೆ ಹೋದದ್ದು ಕಾರು ಕೊಳ್ಳಲು ಅಲ್ಲ, ಮಳೆಗೆ ನಿಲ್ಲಲು. ಆದರೆ ತಗಡಿನ ಮಾಡಿನ ಕೆಳಗೆ ನಿಂತವನ ಪಕ್ಕದಲ್ಲೇ ಬೂದುನೀಲಿ ಬಣ್ಣದ ಪುಟ್ಟ ಕೊರಿಯಾ ಕಾರೊಂದು ನಿಂತಿತ್ತು. ಮಾರುವವನೂ ಬಂದು ನಿಂತ.

"ನೋಡಿ ಸಾರ್, ಕೊರಿಯಾದವರು ಆ ಕಾಲದಲ್ಲಿ ಇದೊಂದೇ ಕಾರನ್ನ ಮೂರು ಥರ ಮಾಡ್ತಿದ್ರು. ಮೂಗು ಒಂದೇ, ಹೊಟ್ಟೆ ಒಂದೇ, ಹಿಂಭಾಗ ಮಾತ್ರ ಬೇರೆ ಬೇರೆ. ಮೂರು ಬಾಗಿಲಿಂದು ಮದುವೆಯಾಗದೋರಿಗೆ. ಐದು ಬಾಗಿಲಿಂದು ಸಂಸಾರಸ್ಥರಿಗೆ, ಇದೇ ಅದು. ಹಿಂದೆ ಡಿಕ್ಕಿ ಚಾಚ್ಕೊಂಡಿರೋ ಸೆಡಾನು ದೊಡ್ಡ ಮನುಷ್ಯರಿಗೆ."

ಆಯ್ತಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಬಾಗಿಲು ನಾಲ್ಕೇ ಕಾಣ್ತಿವೆಯಲ್ಲ?"

"ಐದನೇದು ಹಿಂದೆ ಇದೆ ಸಾರ್. ಎತ್ತಿದ್ರೆ ಬಾಗಿಲು, ಇಳಿಸಿದ್ರೆ ಗೋಡೆ. ಎಂಜಿನ್ನು ಹದಿಮೂರು ನೂರು ಸಿಸಿ, ಕಾರ್ಬುರೇಟರ್‌ದು. ಸೆಡಾನಿಗೆ ಹದಿನೈದು ನೂರಿಂದು ಹಾಕಿ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್ ಕೊಟ್ಟಿದ್ರು. ನಿಮಗ್ಯಾಕೆ ಹೇಳಿ ಆ ಹೆಚ್ಚಿನ ಇನ್ನೂರು? ಅದು ಡಿಕ್ಕಿ ಎಳೆಯೋಕೇ ಖರ್ಚಾಗೋಗುತ್ತೆ."

ಚಿಕ್ಕಂದಿನಿಂದಲೂ ಸೂಜಿಗೆ ಹೆದರುತ್ತಿದ್ದ ಆಯ್ತಪ್ಪನಿಗೆ ಈ ಕಾರಿಗೆ ಇಂಜೆಕ್ಷನ್ ಇಲ್ಲವೆಂದು ಕೇಳಿ ಸಮಾಧಾನವಾಯಿತು. ಮಾರುವವನು ಆಸೆಗಣ್ಣಿನಿಂದ ನೋಡುತ್ತಿದ್ದ. ಅವನ ಮುಖ ಬಾಡುವ ಸೂಚನೆ ಕಂಡಿತು. ಆಯ್ತಪ್ಪ "ಆಯ್ತು" ಅಂದ. ಮಳೆಯೂ ನಿಂತಿತು.

ಅವನ ಮನೆ ಇದ್ದದ್ದು ಗುಡ್ಡದ ಬೀದಿಯಲ್ಲಿ. ಆ ಏರಿನಲ್ಲಿ ಕಾರು ಮೊದಲ ಗೇರಿನಲ್ಲಿ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡು ಹತ್ತಿತು. ಅದರ ಸದ್ದಿಗೆ ಮನೆಮನೆಯವರೂ ಹೊರಗೆ ಬಂದರು. ಹೆಂಡತಿ ಕೈಯಲ್ಲಿ ನೀರಿನ ಬಿಂದಿಗೆ ಹಿಡಿದುಕೊಂಡೇ ಕಾರನ್ನು ದಿಟ್ಟಿಸಿದಳು.

"ರೀ, ಇದಕ್ಕೆ ಉಬ್ಬಸ ಇದೆಯೇನ್ರೀ?"

"ಹೊಸ ಜಾಗ ಕಣೇ. ಹೊಂದ್ಕೋಬೇಕು."

ಪಕ್ಕದ ಮನೆಯ ದರ್ಜಿ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ ಕಾರಿನ ಹಿಂದಕ್ಕೆ ಹೋದರು. ಅವರು ಯಾವ ವಸ್ತುವನ್ನಾದರೂ ಹಿಂದಿನಿಂದಲೇ ಪರೀಕ್ಷೆ ಮಾಡುವವರು. ಬಹಳ ಹೊತ್ತು ನೋಡಿ, ಮೃದುವಾಗಿ ಕೇಳಿದರು. "ಆಯ್ತಪ್ಪನೋರೇ, ಮುಂದುಗಡೆ ಚೆನ್ನಾಗೇ ಹೊಲಿದಿದಾರೆ. ಹಿಂದುಗಡೆಗೆ ಬಟ್ಟೆ ಸಾಲದೆ ಹೋಯ್ತಾ?"

ಬೀದಿಯೆಲ್ಲ ನಕ್ಕಿತು. ಆಯ್ತಪ್ಪನೂ ನಕ್ಕ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಮರುದಿನ ಕಚೇರಿಯಲ್ಲಿ ದೊಡ್ಡ ಸಾಹೇಬರು ತಮ್ಮ ಕೋಣೆಗೆ ಕರೆದು, "ಕಾರು ತಗೊಂಡ್ಯಂತೆ, ಯಾವುದಯ್ಯಾ?" ಎಂದು ಕೇಳಿದಾಗ ಆ ಮುಳ್ಳೇ ಮಾತಾಡಿತು.

"ಸೆಡಾನ್ ಸಾರ್."

"ಹಿಂದೆ ಡಿಕ್ಕಿ ಇದೆಯಾ?"

"ಇದೆ ಸಾರ್."

ಸಾಹೇಬರು ಕನ್ನಡಕ ತೆಗೆದು ಅವನನ್ನು ಹೊಸದಾಗಿ ನೋಡಿದರು. "ಕೂತ್ಕೋ," ಅಂದರು. ಆ ಕೋಣೆಯಲ್ಲಿ ಆಯ್ತಪ್ಪ ಕೂತದ್ದು ಅದೇ ಮೊದಲು. ಸುಳ್ಳಿಗೆ ಇಷ್ಟು ಬೇಗ ಕುರ್ಚಿ ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ಗುಡ್ಡದ ನೆತ್ತಿಯ ಮೇಲೆ ಹೊಸ ನೀರಿನ ಟ್ಯಾಂಕಿನ ಕೆಲಸ ಮುಗಿಯುತ್ತಾ ಬಂದಿತ್ತು. ಗುಡ್ಡದ ಬೀದಿಗಳಿಗೆ ನಲ್ಲಿ ಇತ್ತು, ನೀರು ಹತ್ತುತ್ತಿರಲಿಲ್ಲ. ಹೆಂಗಸರು ಕೆಳಗಿನ ಬೀದಿಯಿಂದ ಹೊತ್ತು ತರಬೇಕಿತ್ತು. ಹೊತ್ತು ಹೊತ್ತು ಆಯ್ತಪ್ಪನ ಹೆಂಡತಿಯ ಒಂದು ಭುಜವೇ ಕೆಳಗಿಳಿದಿತ್ತು. ಊರಿನ ದೂರುಗಳನ್ನೆಲ್ಲ ಕೇಳುವ ಗಂಡನಿಗೆ ಅವಳು ಆ ವಿಷಯದಲ್ಲಿ ಒಂದು ದಿನವೂ ದೂರು ಕೊಟ್ಟವಳಲ್ಲ. ಇನ್ನು ಟ್ಯಾಂಕಿನ ಬುಡದಲ್ಲಿರುವ ದೊಡ್ಡ ಚಕ್ರವನ್ನು ನಗರಸಭೆಯ ಅಧ್ಯಕ್ಷರು ತಿರುಗಿಸಿದರೆ ಸಾಕು, ಮನೆಮನೆಗೂ ನೀರು.

ಸಮಾರಂಭದ ಮುಂಚಿನ ದಿನ ಕಚೇರಿಯ ಜೀಪು ಕೆಟ್ಟು ನಿಂತಿತು. ಸಾಹೇಬರು ಆಯ್ತಪ್ಪನನ್ನು ಕರೆದರು.

"ಅಧ್ಯಕ್ಷರನ್ನ ನಿನ್ನ ಸೆಡಾನಿನಲ್ಲೇ ಕರ್ಕೊಂಡು ಬಾ. ಬೇರೆಯವರ ಕಾರು ಆಗಲ್ಲ ಕಣಯ್ಯಾ. ಅವರು ಡಿಕ್ಕಿ ಇಲ್ಲದ ಕಾರಿಗೆ ಹತ್ತೋದೇ ಇಲ್ಲ. ಹಿಂದಿನಿಂದ ಯಾರಾದರೂ ಡಿಕ್ಕಿ ಹೊಡೆದ್ರೆ ಮೊದಲು ಡಿಕ್ಕಿಗೆ ಬೀಳಲಿ, ನನಗೆ ಬೀಳೋದು ಬೇಡ ಅಂತಾರೆ. ಡಿಕ್ಕಿ ಇಲ್ಲ ಅಂತ ಅವರೇನಾದ್ರೂ ವಾಪಸ್ ಹೋದ್ರೆ ನಾಳೆಯಿಂದ ನೀನು ದೂರು ಕೇಳೋ ಜಾಗದಲ್ಲಿ ಇರಲ್ಲ, ದೂರು ಕೊಡೋ ಜಾಗದಲ್ಲಿರ್ತೀಯ."

"ಆಯ್ತು ಸಾರ್."

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಸೌಟು ಕೆಳಗಿಟ್ಟಳು. "ಈಗಲೇ ಹೋಗಿ ನಿಜ ಹೇಳಿ ಬನ್ನಿ."

"ಆಯ್ತು," ಅಂದ ಆಯ್ತಪ್ಪ. ಅಂದನೇ ಹೊರತು ಹೋಗಲಿಲ್ಲ. ಅದರ ಬದಲು ಒಂದು ಉಪಾಯ ಹೂಡಿದ. ಮೂಗು ಒಂದೇ, ಹೊಟ್ಟೆ ಒಂದೇ ಎಂದು ಮಾರಿದವನೇ ಹೇಳಿದ್ದಾನೆ. ಹಾಗಿದ್ದ ಮೇಲೆ ಅಧ್ಯಕ್ಷರಿಗೆ ಕಾರಿನ ಮೂಗನ್ನೂ ಹೊಟ್ಟೆಯನ್ನೂ ಮಾತ್ರ ತೋರಿಸಿದರಾಯಿತು. ಎಲ್ಲೇ ನಿಲ್ಲಿಸಿದರೂ ಹಿಂಭಾಗ ಗೋಡೆಗೆ ಆನಿಸಿಯೇ ನಿಲ್ಲಿಸಬೇಕು. ಸಂಜೆಯೆಲ್ಲ ಅವನು ದರ್ಜಿಯ ಕಾಂಪೌಂಡಿಗೆ ಕಾರನ್ನು ಹಿಂದಕ್ಕೆ ಒತ್ತಿ ಒತ್ತಿ ಅಭ್ಯಾಸ ಮಾಡಿದ. ಏರಿನಲ್ಲಿ ಅಧ್ಯಕ್ಷರ ಎದುರಿಗೆ ಕಾರು ಕೆಮ್ಮಬಾರದೆಂದು, ಎಂಜಿನ್ನಿಗೆ ಬಲ ಬರುವ ಔಷಧಿ ಎಂದು ಮೆಕ್ಯಾನಿಕ್ ಕೊಟ್ಟಿದ್ದ ಬಾಟಲಿಯನ್ನೂ ಪೂರಾ ಸುರಿದ.

ಬೆಳಿಗ್ಗೆ ಪೇಟೆಯಲ್ಲಿ ಕಾರನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಸಾಹೇಬರು ಹೇಳಿದ್ದ ಹೂಗುಚ್ಛ ತರಲು ಹೋದ. ಹೂವಿನವನು ಅಧ್ಯಕ್ಷರಿಗೆಂದು ಕೇಳಿ, ಒಬ್ಬ ಮನುಷ್ಯ ಹಿಂದೆ ಅವಿತುಕೊಳ್ಳಬಹುದಾದಷ್ಟು ದೊಡ್ಡ ಗುಚ್ಛವನ್ನು ಕಟ್ಟಿಕೊಟ್ಟ. ಅದನ್ನು ಎದೆಗೆ ಅಪ್ಪಿಕೊಂಡು ಆಯ್ತಪ್ಪ ಎಲೆಗಳ ಸಂದಿನಿಂದ ದಾರಿ ನೋಡುತ್ತಾ ಬಂದ. ಬೂದುನೀಲಿ ಬಣ್ಣ ಕಂಡಿತು. ಕೀಲಿ ತೂರಿಸಿದ. ಬಾಗಿಲು ತೆರೆಯಿತು.

ಅದು ಅವನ ಕಾರಲ್ಲ. ಅದೇ ಬಣ್ಣದ, ಅದೇ ಮಾದರಿಯ, ಹಿಂದೆ ಡಿಕ್ಕಿ ಇದ್ದ ಸೆಡಾನು. ಊರಿನ ದಂತವೈದ್ಯರದ್ದು. ಅವರು ಅದನ್ನು ಆಯ್ತಪ್ಪನ ಕಾರಿನ ಪಕ್ಕಕ್ಕೇ, ಅದೇ ರೀತಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕ್ಷೌರದಂಗಡಿಗೆ ಹೋಗಿದ್ದರು. ಕೀಲಿ ಹೇಗೆ ಹೊಂದಿತು ಎಂದು ಕೇಳಬಾರದು. ಎರಡೂ ಕಾರುಗಳ ಬೀಗಗಳು ವರ್ಷಗಟ್ಟಲೆ ಸವೆದು, ಯಾರು ಬಂದರೂ ಒಳಗೆ ಬನ್ನಿ ಅನ್ನುವಷ್ಟು ಉದಾರವಾಗಿಬಿಟ್ಟಿದ್ದವು.

ಆಯ್ತಪ್ಪನಿಗೆ ಒಂದೆರಡು ವ್ಯತ್ಯಾಸ ತಿಳಿಯದೆ ಇರಲಿಲ್ಲ. ಕಾರಿನೊಳಗೆ ಲವಂಗದ ಎಣ್ಣೆಯ ವಾಸನೆ ಇತ್ತು. ಹೆಂಡತಿ ಅಧ್ಯಕ್ಷರು ಬರುತ್ತಾರೆಂದು ಏನೋ ಸಿಂಪಡಿಸಿದ್ದಾಳೆ ಅಂದುಕೊಂಡ. ಸೀಟಿನ ಹೂವಿನ ಬಟ್ಟೆ ಹೋಗಿ ಕಪ್ಪು ಬಟ್ಟೆ ಬಂದಿತ್ತು. ಅದನ್ನೂ ಅವಳ ಲೆಕ್ಕಕ್ಕೇ ಹಾಕಿದ. ಕಾಲಿಟ್ಟ ಕೂಡಲೇ ಕಾರು ಬಾಣದ ಹಾಗೆ ಹೊರಟಾಗ ಮಾತ್ರ ಅವನ ಕಣ್ಣು ಒದ್ದೆಯಾಯಿತು. "ಔಷಧಿ ಹಿಡೀತು," ಅಂದುಕೊಂಡ.

ಅಧ್ಯಕ್ಷರು ಗೇಟಿನ ಹತ್ತಿರ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ದಾರಿಯ ಆ ಕೊನೆಯನ್ನೇ ನೋಡುತ್ತಿದ್ದರು. ಅವರ ಹಲ್ಲಿನ ಸೆಟ್ಟು ಬಿರುಕು ಬಿಟ್ಟು ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ನಾನೇ ತಂದು ಕೂರಿಸುತ್ತೇನೆ ಎಂದು ದಂತವೈದ್ಯರು ಮಾತು ಕೊಟ್ಟಿದ್ದರು. ವೈದ್ಯರ ಕಾರು ಬಂದದ್ದನ್ನು ಕಂಡು ಅವರ ಮುಖ ಅರಳಿತು. ಒಳಗಿನಿಂದ ವೈದ್ಯರ ಬದಲು ಒಂದು ಹೂಗುಚ್ಛ ಇಳಿದು ನಮಸ್ಕಾರ ಮಾಡಿತು.

ಬಹುಶಃ ವೈದ್ಯರೇ ಕಾರು ಕಳಿಸಿ ತಮ್ಮನ್ನು ಕರೆಸಿಕೊಳ್ಳುತ್ತಿರಬೇಕು ಎಂದುಕೊಂಡು ಅಧ್ಯಕ್ಷರು ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಅನುಮಾನ ಬಂತು. ಮುಂದಕ್ಕೆ ಬಾಗಿ, "ಹಲ್ಲು," ಅಂದರು. ಹಲ್ಲಿಲ್ಲದವರು ಹಲ್ಲು ಅಂದರೆ ಅದು ಹಲ್ಲಾಗಿ ಕೇಳುವುದಿಲ್ಲ.

"ಹಾಲಾ ಸಾರ್?"

"ಅಹ್ಹ. ಹ-ಲು. ಹಲು ಬೇಹು."

"ಹಾಲು ಬೇಕು. ಆಯ್ತು ಸಾರ್."

ದೊಡ್ಡ ಮನುಷ್ಯರು ಭಾಷಣಕ್ಕೆ ಮುಂಚೆ ಹಾಲು ಕುಡಿಯುತ್ತಾರೆಂದು ಆಯ್ತಪ್ಪ ಎಲ್ಲೋ ಕೇಳಿದ್ದ. ಹಾಲಿನಂಗಡಿಯ ಮುಂದೆ ನಿಲ್ಲಿಸಿ ದೊಡ್ಡ ಲೋಟದಲ್ಲಿ ಬಿಸಿಹಾಲು ತಂದು ಕೈಗಿತ್ತ. ಅಧ್ಯಕ್ಷರು ಲೋಟವನ್ನೂ ಅವನನ್ನೂ ನೋಡಿದರು. ಕೋಪದಿಂದ ಏನೋ ಹೇಳಿದರು. ಅದು ಗಾಳಿಯಾಗಿ ಹೊರಬಂತು. ಕೊನೆಗೆ ಕಣ್ಣು ಮುಚ್ಚಿ ಹಾಲು ಕುಡಿದರು. ಅವರ ಹಲ್ಲು ಅವರ ಬೆನ್ನ ಹಿಂದೆಯೇ ಡಿಕ್ಕಿಯೊಳಗೆ ಹತ್ತಿಯ ಮೇಲೆ ಬೆಚ್ಚಗೆ ಮಲಗಿತ್ತು.

ಇತ್ತ ದಂತವೈದ್ಯರು ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದು, ಹಲ್ಲಿನ ಪೆಟ್ಟಿಗೆ ಕ್ಷೇಮವಾಗಿದೆಯೋ ನೋಡೋಣ ಎಂದು ಕಾರಿನ ಹಿಂದಕ್ಕೆ ಕೈ ಚಾಚಿದರೆ, ಕೈ ಗಾಳಿಯಲ್ಲಿ ನಿಂತಿತು. ಡಿಕ್ಕಿ ಇರಬೇಕಾದ ಕಡೆ ಏನೂ ಇರಲಿಲ್ಲ. ಅವರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಕಾರು ಹಿಂದಿನ ಸೀಟಿಗೇ ಮುಗಿದುಹೋಗಿತ್ತು. ಕೀಲಿ ಹಾಕಿದರೆ ಬಾಗಿಲು ತೆರೆಯಿತು. ಮೂವತ್ತು ವರ್ಷ ಲಕ್ಷಾಂತರ ಬಾಯಿಗಳೊಳಗೆ ನೋಡಿದ್ದ ಆ ಶಾಂತಚಿತ್ತರು ಉಳಿದ ಭಾಗವನ್ನು ಓಡಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋದರು.

ಠಾಣೆಯಲ್ಲಿ ದಫೇದಾರರು ದೂರು ಬರೆದುಕೊಳ್ಳಲು ಕೂತರು.

"ಡಿಕ್ಕಿ," ಅಂದರು ವೈದ್ಯರು.

"ಯಾರಿಗೆ ಡಿಕ್ಕಿ?"

"ಯಾರಿಗೂ ಅಲ್ಲ. ನನ್ನ ಡಿಕ್ಕಿ."

"ನೀವೇ ಹೊಡೆದದ್ದಾ?"

"ನಾನು ಹೊಡೆದಿಲ್ಲ. ಯಾರೋ ಹೊಡ್ಕೊಂಡು ಹೋಗಿದಾರೆ."

"ಡಿಕ್ಕಿ ಹೊಡ್ಕೊಂಡು ಹೋಗಿದಾರೆ. ಹಾಗನ್ನಿ ಮತ್ತೆ. ಗಾಯ ಎಷ್ಟಾಗಿದೆ?"

ವೈದ್ಯರು ದಫೇದಾರರ ಕೈಹಿಡಿದು ಹೊರಗೆ ಕರೆತಂದು ಕಾರು ತೋರಿಸಿದರು. ದಫೇದಾರರು ಬಗ್ಗಿ ನೋಡಿದರು, ತಟ್ಟಿ ನೋಡಿದರು.

"ಇದು ಸರಿಯಾಗೇ ಇದೆಯಲ್ಲ ಡಾಕ್ಟ್ರೇ."

"ಅದೇ ನಾನು ಹೇಳ್ತಿರೋದು. ಎಷ್ಟು ಸರಿಯಾಗಿ ಕತ್ತರಿಸಿದಾರೆ ನೋಡಿ. ಮೇಲೆ ಗಾಜು ಬೇರೆ ಕೂರಿಸಿ ಹೋಗಿದಾರೆ."

"ನಂಬರು ನಿಮ್ಮದೇನಾ?"

ವೈದ್ಯರು ಆಗಷ್ಟೇ ನಂಬರು ನೋಡಿದರು. ಅವರ ಮುಖ ಇನ್ನಷ್ಟು ಬಿಳಿಚಿತು. "ಅದನ್ನೂ ಬದಲಾಯಿಸಿದಾರೆ."

"ಸೀಟು?"

"ನನ್ನದು ಕಪ್ಪಗಿತ್ತು. ಇದ್ಯಾವುದೋ ಹೂವಿನದು."

"ಎಂಜಿನ್ನಾದ್ರೂ ನಿಮ್ಮದು ತಾನೇ?"

"ಇದ್ದದ್ದು ಹದಿನೈದು ನೂರು ಸಿಸಿ. ಬರ್ತಾ ಆ ಸೇತುವೆ ಏರಿನಲ್ಲೇ ಗೊತ್ತಾಯ್ತು ನನಗೆ. ಅದರಲ್ಲೂ ಒಂದಿನ್ನೂರು ತೆಗೆದಿದಾರೆ."

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾಗಾದ್ರೆ ನಿಮ್ಮದು ಅಂತ ಉಳಿದಿರೋದೇನು?"

"ಬಣ್ಣ," ಅಂದರು ವೈದ್ಯರು, ಕಾರಿನ ಬೆನ್ನು ಸವರುತ್ತಾ. "ಮತ್ತೆ ಕೀಲಿ."

ದಫೇದಾರರ ಸೇವೆಯಲ್ಲಿ ಕಾರಿನ ಚಕ್ರ ಕದ್ದವರು, ಕನ್ನಡಿ ಕದ್ದವರು, ಇಡೀ ಕಾರನ್ನೇ ಕದ್ದವರು ಬಂದುಹೋಗಿದ್ದರು. ಕಾರಿನ ಹಿಂಭಾಗವನ್ನು ಕದ್ದು, ಬಿಟ್ಟುಹೋಗುವ ಭಾಗಕ್ಕೆ ಅಂಚುಕಟ್ಟಿ ಹೋಗುವಷ್ಟು ಮರ್ಯಾದಸ್ಥ ಕಳ್ಳನನ್ನು ಅವರು ಕಂಡಿರಲಿಲ್ಲ. "ಡಿಕ್ಕಿಯೊಳಗೆ ಏನಿತ್ತು?" ಎಂದು ಕೇಳಿದರು.

"ಹಲ್ಲು."

"ಯಾರ ಹಲ್ಲು?"

"ಅಧ್ಯಕ್ಷರದ್ದು."

ಠಾಣೆಯಲ್ಲಿ ಕೂತವರೆಲ್ಲ ಎದ್ದುನಿಂತರು.

ಅಲ್ಲಿಂದ ಸುದ್ದಿ ಹೊರಟಿತು. ಠಾಣೆಯ ಮೆಟ್ಟಿಲು ಇಳಿಯುವಾಗ ಅದು "ಅಧ್ಯಕ್ಷರ ಹಲ್ಲು ಹೋಯಿತಂತೆ" ಎಂದಿತ್ತು. ಪೇಟೆ ದಾಟುವಾಗ "ಯಾರೋ ಉದುರಿಸಿದರಂತೆ" ಎಂದಾಯಿತು. ಗುಡ್ಡ ಹತ್ತುವಷ್ಟರಲ್ಲಿ "ನೀರು ಸಿಗದ ಸಿಟ್ಟಿಗೆ ಗುಡ್ಡದ ಬೀದಿಯವನೇ ಒಬ್ಬ ಬಾರಿಸಿದನಂತೆ" ಎಂದು ಕೈಕಾಲು ಮೂಡಿ ನಿಂತಿತ್ತು. ಬರೀ ಟ್ಯಾಂಕು ನೋಡಲು ಬರದೆ ಮನೆಯಲ್ಲಿ ಉಳಿದಿದ್ದವರೂ ಈಗ ಎದ್ದು ಬಂದರು. ಅಧ್ಯಕ್ಷರ ಕಡೆಯವರು ಕೋಪದಿಂದ ಬಂದರು. ಎದುರು ಪಕ್ಷದವರು ಬಹಳ ವ್ಯಥೆಯಿಂದ, ಜಾಗ ಹಿಡಿಯಲು ಅವರಿಗಿಂತ ಮೊದಲೇ ಬಂದರು.

ಆ ಜನಸಾಗರದ ನಡುವೆ ಬೂದುನೀಲಿ ಕಾರು ಮೂರನೇ ಗೇರಿನಲ್ಲಿ, ಒಂದು ಸಲವೂ ಕೆಮ್ಮದೆ, ಟ್ಯಾಂಕಿನ ಬುಡದವರೆಗೆ ಹತ್ತಿ ನಿಂತಿತು. ಸಾಹೇಬರು ಓಡಿಬಂದರು. ಕಾರಿನ ಹಿಂದೆ ಮುಂದೆ ನೋಡಿ, ಆಯ್ತಪ್ಪನ ಬೆನ್ನು ತಟ್ಟಿದರು.

"ನಿಜ ಹೇಳ್ತೀನಿ ಕಣಯ್ಯಾ, ನೀನು ಬುರುಡೆ ಬಿಡ್ತಿದ್ದೀಯ ಅಂತ ನನಗೊಂದು ಅನುಮಾನ ಇತ್ತು. ಒಳ್ಳೇ ಡಿಕ್ಕಿ."

ಆಯ್ತಪ್ಪ ತಿರುಗಿ ನೋಡಿದ. ಇತ್ತು. ಬಿಸಿಲಿನಲ್ಲಿ ಹೊಳೆಯುತ್ತಾ, ನಿಜವಾದ ಡಿಕ್ಕಿ ಕಾರಿಗೆ ಅಂಟಿಕೊಂಡಿತ್ತು. ಮುಟ್ಟಿದ. ಗಟ್ಟಿಯಾಗಿಯೇ ಇತ್ತು. ಜನರ ನಡುವಿನಿಂದ ಹೆಂಡತಿ ನುಗ್ಗಿ ಬಂದಳು, ಹಿಂದೆಯೇ ದರ್ಜಿ.

"ರೀ, ಇದೇನ್ರೀ ಇದು? ಬೆಳಿಗ್ಗೆ ಹೋಗುವಾಗ ಇರಲಿಲ್ಲವಲ್ಲ?"

"ನಾನೂ ಈಗಲೇ ನೋಡ್ತಿರೋದು ಕಣೇ," ಅಂದ ಆಯ್ತಪ್ಪ ಪಿಸುದನಿಯಲ್ಲಿ. "ನಿನ್ನೆ ಒಂದು ಬಾಟಲಿ ಔಷಧಿ ಹಾಕಿದ್ದೆ. ಪೂರಾ ಹಾಕಬಾರದಿತ್ತೋ ಏನೋ."

ದರ್ಜಿ ಅಳತೆಪಟ್ಟಿ ಹಿಡಿದು ಡಿಕ್ಕಿಯ ಉದ್ದ ನೋಡಿದರು. ಹೊಲಿಗೆ ಎಲ್ಲಾದರೂ ಸಿಗುತ್ತದೆಯೇ ಎಂದು ಉಗುರಿನಿಂದ ತಡವಿದರು. "ಬಟ್ಟೆ ಎಲ್ಲಿ ಸಿಕ್ತು?" ಎಂದಷ್ಟೇ ಕೇಳಿದರು, ತುಂಬ ಗೌರವದಿಂದ.

ಅಷ್ಟರಲ್ಲಿ ಅಧ್ಯಕ್ಷರು ಕೆಳಗಿಳಿದರು. ಬಾಯಿಗೆ ಕರವಸ್ತ್ರ. ಕಣ್ಣಲ್ಲಿ ಬೆಂಕಿ. ಮೀಸೆಯ ಮೇಲೆ ಬಿಳಿಯ ಹಾಲಿನ ನೊರೆ. ನೋಡಿದವರಿಗೆ ಅದು ಪೆಟ್ಟಿನ ಮೇಲೆ ಹಚ್ಚಿದ ಮುಲಾಮಿನಂತೆ ಕಂಡಿತು. ಜನ ಗುಜುಗುಜು ಅಂದರು. ಇವರ ಜೊತೆ ಬಂದವನು ಒಬ್ಬನೇ. ಅವನೂ ಗುಡ್ಡದ ಬೀದಿಯವನು. ಅಧ್ಯಕ್ಷರ ಕಡೆಯ ದಪ್ಪ ಕತ್ತಿನ ಮನುಷ್ಯನೊಬ್ಬ ಆಯ್ತಪ್ಪನ ಅಂಗಿ ಹಿಡಿದ.

"ನೀನೇ ಏನೋ ಹಲ್ಲು ಉದುರಿಸಿದ್ದು?"

ಆಯ್ತಪ್ಪ ಅಭ್ಯಾಸಬಲದಿಂದ, "ಆಯ್ತು," ಅಂದ.

ಆಮೇಲೆ ಎಷ್ಟೇ ಹೇಳಿದರೂ ಯಾರೂ ಕೇಳಲಿಲ್ಲ. ಎದುರು ಪಕ್ಷದ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರು ಮೆಲ್ಲಗೆ ಆಯ್ತಪ್ಪನಿಂದ ದೂರ ಸರಿದು, ಇವನನ್ನು ಎಂದೂ ನೋಡಿಯೇ ಇಲ್ಲವೆಂಬಂತೆ ಟ್ಯಾಂಕಿನ ನೆತ್ತಿಯನ್ನು ದಿಟ್ಟಿಸತೊಡಗಿದರು. ಅಧ್ಯಕ್ಷರು ಚಕ್ರದ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಚಕ್ರ ತಿರುಗಿಸುವಾಗ ಫೋಟೋ ತೆಗೆಯುತ್ತಾರೆ. ಫೋಟೋಕ್ಕೆ ನಗಬೇಕು. ನಗಲು ಹಲ್ಲು ಬೇಕು. ಅವರು ತಲೆಯಲ್ಲಾಡಿಸಿ, ಕೈಯಾಡಿಸಿ, ಹಿಂತಿರುಗಿ ಹೋಗಲು ಕಾರಿನ ಬಾಗಿಲು ತೆರೆದರು.

ಆಗ ಆಯ್ತಪ್ಪನ ಹೆಂಡತಿ ಆ ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ನಿಮ್ಮ ಹಲ್ಲು ಯಾರು ತೆಗೆದ್ರೋ ನನಗೆ ಗೊತ್ತಿಲ್ಲ. ನಮ್ಮನೆಯವರಂತೂ ಅಲ್ಲ. ಅವರು ಬೋನಿಗೆ ಇಲಿ ಬಿದ್ದರೂ ಬಾಗಿಲು ತೆಗೆದು ದಾರಿ ಬಿಡೋರು. ನೀವು ನಗೋದು ಬೇಡ. ಬಾಯಿ ಮುಚ್ಕೊಂಡೇ ಚಕ್ರ ತಿರುಗಿಸಿ. ಕುಡಿಯೋಕೆ ನೀರು ಸಿಕ್ಕರೆ ನಿಮ್ಮ ಬದಲು ನಾವೆಲ್ಲ ನಗ್ತೀವಿ."

ಅಧ್ಯಕ್ಷರು ಅವಳನ್ನು ನೋಡಿದರು. ಅವಳ ಇಳಿದ ಭುಜವನ್ನೂ ನೋಡಿದರೋ ಏನೋ. ಬಾಗಿಲ ಮೇಲಿನ ಕೈ ಸಡಿಲವಾಯಿತು.

ಆಗಲೇ ಕೆಳಗಿನ ಏರಿನಿಂದ ಒಂದು ಉಬ್ಬಸದ ಸದ್ದು ಕೇಳಿಬಂತು. ಮೊದಲ ಗೇರಿನಲ್ಲಿ, ನಿಂತು ನಿಂತು ಉಸಿರೆಳೆಯುತ್ತಾ, ಡಿಕ್ಕಿ ಇಲ್ಲದ ಬೂದುನೀಲಿ ಕಾರೊಂದು ಗುಡ್ಡ ಹತ್ತುತ್ತಿತ್ತು. ದಫೇದಾರರು ಹಿಂದಿನಿಂದ ತಳ್ಳುತ್ತಿದ್ದರು. ಸ್ಟೇರಿಂಗ್ ಹಿಡಿದಿದ್ದ ದಂತವೈದ್ಯರು ಕಿಟಕಿಯಿಂದ ತಲೆ ಹೊರಹಾಕಿ, ಬೆರಳು ಚಾಚಿ ಹೇಳಿದರು. "ಅಗೋ, ನನ್ನ ಹಿಂಭಾಗ."

ಎರಡು ಕಾರುಗಳೂ ಪಕ್ಕಪಕ್ಕಕ್ಕೆ ನಿಂತವು. ಜನ ಇದನ್ನು ನೋಡಿ ಅದನ್ನು ನೋಡಿ, ಅದನ್ನು ನೋಡಿ ಇದನ್ನು ನೋಡಿದರು. ದಫೇದಾರರು ಬೆವರು ಒರೆಸಿಕೊಂಡು ಆಯ್ತಪ್ಪನ ಕೀಲಿ ಇಸಿದುಕೊಂಡು ವೈದ್ಯರ ಕಾರಿಗೆ ಹಾಕಿದರು. ತೆರೆಯಿತು. ವೈದ್ಯರ ಕೀಲಿಯನ್ನು ಆಯ್ತಪ್ಪನ ಕಾರಿಗೆ ಹಾಕಿದರು. ಅದೂ ತೆರೆಯಿತು. ಅನುಮಾನ ಪೂರ್ತಿ ಕಳೆಯಲೆಂದು ತಮ್ಮ ಮನೆಯ ಬೀರುವಿನ ಕೀಲಿ ಹಾಕಿದರು. ಅದಕ್ಕೂ ತೆರೆಯಿತು.

"ಕಳ್ಳತನ ಆಗಿಲ್ಲ," ಎಂದು ತೀರ್ಪು ಕೊಟ್ಟರು. "ಈ ಕಾರುಗಳಿಗೆ ಇಂಥವರೇ ಯಜಮಾನರು ಅಂತ ಇಲ್ಲ. ಅಷ್ಟೇ."

ವೈದ್ಯರು ಡಿಕ್ಕಿ ಎತ್ತಿದರು. ಹತ್ತಿಯ ಮೇಲೆ ಪೆಟ್ಟಿಗೆಯೊಳಗೆ ಅಧ್ಯಕ್ಷರ ಹಲ್ಲುಗಳು ಎರಡು ಸಾಲಾಗಿ ನಗುತ್ತಿದ್ದವು. ವೈದ್ಯರೂ ಅಧ್ಯಕ್ಷರೂ ಟ್ಯಾಂಕಿನ ಹಿಂಬದಿಗೆ ಹೋದರು. ದಪ್ಪ ಕತ್ತಿನವನು ಅಂಗಿಯ ಪಟ್ಟು ಮಾತ್ರ ಬಿಟ್ಟಿರಲಿಲ್ಲ. ಕಾರು ಅದಲುಬದಲಾಗಿರಬಹುದು, ಆದರೆ ಅಧ್ಯಕ್ಷರನ್ನು ಊರ ಮುಂದೆ ಹೀಗೆ ಮೆರವಣಿಗೆ ಮಾಡಿದ್ದಕ್ಕೆ ಏನು ಶಿಕ್ಷೆ ಎಂದು ಅವನು ಕಾಯುತ್ತಿದ್ದ. ಸಾಹೇಬರು ಇನ್ನೂ ಟ್ಯಾಂಕಿನ ನೆತ್ತಿಯನ್ನೇ ನೋಡುತ್ತಿದ್ದರು.

ಅಧ್ಯಕ್ಷರು ಹೊರಬಂದರು. ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ನೋಡಿಕೊಂಡರು. ಆಯ್ತಪ್ಪನ ಎದುರಿಗೆ ಬಂದು ನಿಂತರು.

"ನಿನ್ನೆ ಮಧ್ಯಾಹ್ನದಿಂದ," ಅಂದರು, ಒಂದೊಂದೇ ಅಕ್ಷರವನ್ನು ಸವಿಯುತ್ತಾ, "ನನ್ನ ಮನೆಯಲ್ಲಿ ಮೂರು ಸಲ ಅಡಿಗೆ ಆಯ್ತು. ನನ್ನೆದುರಿಗೇ ಎಲ್ಲರೂ ಕರುಂ ಕರುಂ ಅಂತ ತಿಂದ್ರು. ನಿನಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನು ಕೇಳಿದ್ದು ಹಾಲಲ್ಲ, ನಿಜ. ಆದ್ರೆ ನನ್ನ ಹೊಟ್ಟೆಗೆ ಏನಾದ್ರೂ ಬಿದ್ದಿದ್ರೆ ಅದು ಈ ಮನುಷ್ಯ ಕೊಟ್ಟ ಒಂದು ಲೋಟ ಹಾಲು. ಅಂಗಿ ಬಿಡೋ ಅವನದು."

ಅಂಗಿ ಬಿಡುಗಡೆಯಾಯಿತು. ಸಾಹೇಬರಿಗೆ ಟ್ಯಾಂಕಿನ ನೆತ್ತಿಯಲ್ಲಿ ಆಸಕ್ತಿ ಮುಗಿದು, ಅವರು ಬಂದು ಆಯ್ತಪ್ಪನ ಹೆಗಲ ಮೇಲೆ ಕೈಹಾಕಿ, "ನಮ್ಮ ಕಚೇರಿಯವನೇ ಸಾರ್," ಅಂದರು. ಆಯ್ತಪ್ಪ ಕೈಮುಗಿದ.

"ಸಾರ್, ಒಂದು ಮಾತು. ನನ್ನದು ಆ ಕಾರು. ಅದಕ್ಕೆ ಡಿಕ್ಕಿ ಇಲ್ಲ. ಹದಿಮೂರು ನೂರು ಸಿಸಿ. ಕೆಮ್ಮುತ್ತೆ."

"ಗೊತ್ತು," ಅಂದರು ದಫೇದಾರರು ಸೊಂಟ ಹಿಡಿದುಕೊಂಡು.

ಅಧ್ಯಕ್ಷರು ಆಯ್ತಪ್ಪನ ಹೆಂಡತಿಯನ್ನು ಕರೆದು, "ಬನ್ನಿ ತಾಯಿ, ನೀವೂ ಹಿಡೀರಿ," ಅಂದರು. ಇಬ್ಬರೂ ಸೇರಿ ಚಕ್ರ ತಿರುಗಿಸಿದರು. ಅಧ್ಯಕ್ಷರು ಹಲ್ಲಿನ ಎರಡೂ ಸಾಲು ಕಾಣುವ ಹಾಗೆ ನಕ್ಕರು. ಫೋಟೋ ಆಯಿತು. ಕೊಳವೆಯೊಳಗೆ ಗುಡುಗುಡು ಎಂದು ಏನೋ ಇಳಿದುಹೋಯಿತು.

ಇನ್ನೇನು ಎಲ್ಲ ಮುಗಿಯಬೇಕು ಅನ್ನುವಾಗ ಅಧ್ಯಕ್ಷರು ಮೈಕು ಹಿಡಿದರು. ನಿನ್ನೆಯಿಂದ ಕಟ್ಟಿಟ್ಟುಕೊಂಡ ಮಾತುಗಳಿದ್ದವು, ಹೊಸದಾಗಿ ಕೂರಿಸಿದ ಹಲ್ಲುಗಳಿದ್ದವು. ನೀರಿನ ಉಗಮದಿಂದ ಆರಂಭಿಸಿದರು. ಜನರಲ್ಲಿ ಕೆಲವರು ದಂತವೈದ್ಯರನ್ನು ದುರುಗುಟ್ಟಿ ನೋಡಿದರು. ಇಷ್ಟು ಗಟ್ಟಿಯಾಗಿ ಕೂರಿಸಬೇಕಾಗಿತ್ತೇ ಎಂಬುದು ಆ ನೋಟದ ಅರ್ಥ.

ಭಾಷಣ ಇನ್ನೂ ಸಮುದ್ರದಿಂದ ಮೋಡಕ್ಕೆ ಏರುತ್ತಿದ್ದಾಗ, ದರ್ಜಿ ತಲೆಯೆತ್ತಿ ಕಿವಿಗೊಟ್ಟರು. ಕೆಳಗೆ ಗುಡ್ಡದ ಬೀದಿಯಿಂದ ಸದ್ದು ಬರುತ್ತಿತ್ತು. ಒಂದು ಮನೆಯಿಂದಲ್ಲ, ಎಲ್ಲ ಮನೆಗಳಿಂದಲೂ.

"ನಲ್ಲಿ," ಅಂದರು ದರ್ಜಿ. "ನಮ್ಮ ನಲ್ಲಿ ತೆಗೆದೇ ಇದೆ."

ಯಾರ ಮನೆಯ ನಲ್ಲಿ ಮುಚ್ಚಿತ್ತು? ಇಷ್ಟು ವರ್ಷ ಅದರಲ್ಲಿ ಗಾಳಿ ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಮುಚ್ಚುವ ಅಭ್ಯಾಸವೇ ಯಾರಿಗೂ ಇರಲಿಲ್ಲ. ಒಬ್ಬರು ಓಡಿದರು, ಇಬ್ಬರು ಓಡಿದರು, ಆಮೇಲೆ ಗುಡ್ಡಕ್ಕೆ ಗುಡ್ಡವೇ ಸೀರೆ ಪಂಚೆ ಎತ್ತಿಕಟ್ಟಿಕೊಂಡು ಇಳಿಜಾರಿನಲ್ಲಿ ಓಡಿತು. ಎದುರು ಪಕ್ಷದವರೂ ಓಡಿದರು. ಅವರಿಗೂ ಮನೆಗಳಿದ್ದವು. ಅಧ್ಯಕ್ಷರು ಎರಡು ಕಾರುಗಳಿಗೂ ಒಬ್ಬ ದಫೇದಾರರಿಗೂ ಮಳೆಯ ಮಹತ್ವ ವಿವರಿಸುತ್ತಾ ಉಳಿದರು.

ಆಯ್ತಪ್ಪನೂ ಹೆಂಡತಿಯೂ ಮನೆ ಮುಟ್ಟುವಷ್ಟರಲ್ಲಿ ಅಡುಗೆಮನೆಯ ನೀರು ಹೊಸಲು ದಾಟಿ ಮೆಟ್ಟಿಲು ಇಳಿಯುತ್ತಿತ್ತು. ಚಪ್ಪಲಿಗಳು ಒಂದರ ಹಿಂದೆ ಒಂದು ತೇಲಿಕೊಂಡು ಬೀದಿಗೆ ಹೊರಟಿದ್ದವು. ಪಕ್ಕದ ಮನೆಯಲ್ಲಿ ದರ್ಜಿ ಒದ್ದೆ ಬಟ್ಟೆಗಳನ್ನು ಎತ್ತಿ ಹಿಂಡುತ್ತಾ, ಯಾರ ಅಳತೆ ಯಾವುದೋ ತಿಳಿಯದೆ, ಗಟ್ಟಿಯಾಗಿ ನಗುತ್ತಿದ್ದರು. ಆಯ್ತಪ್ಪ ಮೊಣಕಾಲವರೆಗೆ ಪಂಚೆ ಎತ್ತಿಕೊಂಡು ಚಳಪಳ ಎಂದು ಒಳಗೆ ಹೋಗಿ ನಲ್ಲಿಗೆ ಕೈ ಹಾಕಿದ.

ಹೆಂಡತಿ ಅವನ ಕೈ ಹಿಡಿದುಕೊಂಡಳು. ತುಂಬಿ ಹರಿಯುತ್ತಿದ್ದ ಬಿಂದಿಗೆಯ ಪಕ್ಕದಲ್ಲಿ, ನೀರೊಳಗೇ ಕಾಲು ಚಾಚಿ ಕೂತಳು.

"ಇರಲಿ ಬಿಡಿ," ಅಂದಳು. "ಇನ್ನೊಂದು ಸ್ವಲ್ಪ ಹೊತ್ತು ಸದ್ದು ಕೇಳೋಣ."